ಗಾಳಿ ಊದಿದ ಗುಹೆ

ಸ್ಪೇನ್ ದೇಶದ ಉತ್ತರ ತೀರದಲ್ಲಿ ಕಾಂಟಾಬ್ರಿಯವೆಂಬ ಗುಡ್ಡಗಾಡು ಸೀಮೆಯಿರುವುದು. ಅಲ್ಲಿಯ ಹಸುರನ್ನು ಕಂಡಾಗ ನಮಗೆ ನಮ್ಮ ಮಲೆನಾಡೇ ನೆನಪಾಯಿತು. ಆ ಗುಡ್ಡಗಳ ಒಡಲಿನಲ್ಲಿರುವ ಎಲ್ ಸೊಪ್ಲಾವೊ ಎಂಬ ಗುಹೆಯನ್ನು ನೋಡಲು ನಾವು ಹೋಗಿದ್ದೆವು. ಸೊಪ್ಲಾವೊ ಎಂಬುದು ಗಣಿಯ ಆಳುಗಳ ಮಾತು. ಸುರಂಗ ಕೊರೆಯುವಾಗ ಬಂಡೆಯ ಆಚೆ ಟೊಳ್ಳು ದೊರೆತರೆ ಅಲ್ಲಿಂದ ಗಾಳಿಯು ಮುಖಕ್ಕೆ ಊದುವುದು. ಆ ಉಸಿರೇ ಹೆಸರಾಯಿತು.

ಲಾ ಫ್ಲೋರಿಡಾ ಗಣಿಗಳಲ್ಲಿ ಸೀಸ, ಸತುಗಳ ಅದಿರನ್ನು ಅಗೆಯುತ್ತಿದ್ದವರು 1908ರಲ್ಲಿ ಈ ಗುಹೆಯನ್ನು ಹೊಕ್ಕರು. ಅವರಿಗೆ ಬೇಕಾದುದು ಅದಿರು. ಗುಹೆಯೋ ಕೊರೆಯದೆ ದೊರೆತ ದಾರಿ. 1970ರ ದಶಕದ ಕೊನೆಯಲ್ಲಿ ಗಣಿ ನಿಂತಿತು. 2005ರಲ್ಲಿ ಗುಹೆಯು ಪ್ರವಾಸಿಗಳಿಗೆ ತೆರೆಯಿತು. ಈಗಲೂ ಒಳಗೆ ಹೋಗುವುದು ಗಣಿಯ ಪುಟ್ಟ ರೈಲಿನ ಮಾದರಿಯ ಬಂಡಿಯಲ್ಲಿಯೇ.

ಸುಣ್ಣದ ನೀರು ತೊಟ್ಟಿಕ್ಕಿ ಮೇಲಿನಿಂದ ಇಳಿಬಿದ್ದ ಕಲ್ಲುಗಳನ್ನೂ ಕೆಳಗಿನಿಂದೆದ್ದ ಕಂಬಗಳನ್ನೂ ವಾಚಕರು ಬೇರೆಡೆ ಕಂಡಿರಬಹುದು. ಇಲ್ಲಿಯ ಸೋಜಿಗವೇ ಬೇರೆ. ಒರಳಿನಿಂದ ಒತ್ತಿದ ಶಾವಿಗೆಯು ಕೆಳಗೆ ಬೀಳುವುದನ್ನು ಮರೆತು ಅಡ್ಡಕ್ಕೆ, ಮೇಲಕ್ಕೆ, ಸುರುಳಿಯಾಗಿ ಹರಿದರೆ ಹೇಗೋ ಹಾಗೆ ಬಿಳಿಯ ಎಳೆಗಳು ಗೋಡೆ ಮಾಳಿಗೆಗಳನ್ನೆಲ್ಲ ತುಂಬಿವೆ. ಎಳೆಯೊಳಗೆ ಕೂದಲಿನಷ್ಟು ಸಣ್ಣ ರಂಧ್ರ. ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ನೀರು ಅದರಲ್ಲಿ ಜಿನುಗುವುದು. ಹನಿ ಬೀಳುವಷ್ಟು ನೀರಿಲ್ಲವಾದುದರಿಂದ ಭೂಮಿಯ ಸೆಳೆತ ಅಲ್ಲಿ ಸೋಲುವುದು. ತುದಿ ಎತ್ತ ತಿರುಗಿತೋ ಅತ್ತಲೇ ಕಲ್ಲು ಬೆಳೆಯುವುದು.

ನಮ್ಮೊಡನೆ ತಂಗಿಯ ಮಗಳೂ ಬಂದಿದ್ದಳು. ಕೈಗೆಟುಕುವಂತಿದ್ದ ಒಂದು ಎಳೆಯನ್ನು ಬಹಳ ಹೊತ್ತು ನೋಡಿ, "ದೊಡ್ಡಮ್ಮ, ಒಂದೇ ಒಂದು ಮುರಿದುಕೊಂಡರೆ ಯಾರಿಗೆ ತಿಳಿಯುತ್ತದೆ?" ಎಂದು ಪಿಸುಗುಟ್ಟಿದಳು. ಬೆರಳಿನ ಜಿಡ್ಡು ತಗುಲಿದರೂ ಸಾಕು, ಅಲ್ಲಿ ಸುಣ್ಣ ಕೂಡದೆ ಬೆಳವಣಿಗೆ ಕೆಡುವುದೆಂದು ನಾವು ಗದರಿದೆವು. ಗದರುವ ಬಾಯಿ ನಮಗಿತ್ತೇ? ಚಿಕ್ಕಂದಿನಲ್ಲಿ ಬೇರೊಂದು ಗುಹೆಯಿಂದ ನಾವೇ ಮುರಿದು ತಂದ ಕಲ್ಲು ನಮ್ಮ ಮನೆಯ ಕಪಾಟಿನಲ್ಲಿದೆ. ತಂದಾಗ ಹಾಲಿನಂತಿದ್ದುದು ಈಗ ಧೂಳು ಹಿಡಿದು ಬೂದಿಯ ಬಣ್ಣವಾಗಿದೆ. ಹುಡುಗಿ ಅದನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ಆಡಿದವಳು.

ಅವಳು ಅದನ್ನು ಮರೆತಿರಲಿಲ್ಲ. ಹಿಂದಿರುಗುವ ಬಂಡಿಯಲ್ಲಿ ಕುಳಿತಾಗ, "ನಮ್ಮ ಮನೆಯದನ್ನು ಅಲ್ಲಿಗೇ ಒಯ್ದು ಅಂಟಿಸಿದರೆ ಮತ್ತೆ ಬೆಳೆಯುವುದೇ?" ಎಂದು ಕೇಳಿದಳು.

"ಇಲ್ಲ, ಮಗು" ಎಂದೆವು. ಅಷ್ಟರಲ್ಲಿ ಬಂಡಿ ಬೆಳಕಿಗೆ ಬಂದಿತು.