ಮಣ್ಣು, ನೀರು, ಬಿಸಿಲು: ಉರುಳಿ ಕಾಂಚನದ ನಿಸರ್ಗೋಪಚಾರ ಆಶ್ರಮ

ಸೊಲ್ಲಾಪುರದಿಂದ ಪುಣೆಗೆ ಸಾಗುವ ರೈಲುಮಾರ್ಗದಲ್ಲಿ ದೌಂಡ ಜಂಕ್ಷನ್ನನ್ನು ದಾಟಿದ ಮೇಲೆ, ಪುಣೆ ಇನ್ನೂ ಸುಮಾರು ೩೦ ಕಿಲೋಮೀಟರು ಇರುವಾಗ ಉರುಳಿ ಎಂಬ ನಿಲ್ದಾಣ ಬರುತ್ತದೆ. ಉರುಳಿ ಕಾಂಚನ ಎಂಬುದು ಊರಿನ ಪೂರ್ಣ ಹೆಸರು. ಮಹಾತ್ಮಾ ಗಾಂಧಿಯವರು ಬಡವರಿಗಾಗಿ ನಿಸರ್ಗ ಚಿಕಿತ್ಸೆಯ ಕೇಂದ್ರವನ್ನು ನೆಲೆಗೊಳಿಸಿದ್ದು ಈ ಗ್ರಾಮದಲ್ಲಿಯೇ. ಆ ಆಶ್ರಮವನ್ನು ನೋಡಬೇಕೆಂಬುದು ನಮ್ಮ ಬಹುದಿನಗಳ ಅಪೇಕ್ಷೆಯಾಗಿದ್ದಿತು. ಕೆಲವು ದಿನ ಅಲ್ಲಿ ತಂಗಿದ್ದು, ಕಂಡುದನ್ನೂ ಅನುಭವಿಸಿದುದನ್ನೂ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಇಂದು ನಗರಗಳ ಬೀದಿಬೀದಿಗಳಲ್ಲಿ 'ಸ್ಪಾ' ಎಂಬ ಫಲಕಗಳು ಕಾಣುತ್ತವೆ. ಬೆಲ್ಜಿಯಂ ದೇಶದಲ್ಲಿ ಖನಿಜಯುಕ್ತ ಊಟೆಗಳಿಗೆ ಹೆಸರಾದ ಸ್ಪಾ ಎಂಬ ಊರಿನಿಂದ ಬಂದ ಶಬ್ದವಿದು. ರೋಗಿಗಳು ಅಲ್ಲಿಗೆ ಹೋಗಿ ನೀರು ಕುಡಿದು, ಮಿಂದು, ವಿಶ್ರಾಂತಿ ಪಡೆಯುತ್ತಿದ್ದರು. ಈಗ ಪರಿಮಳ ತೈಲ, ಬಿಸಿಗಲ್ಲಿನ ಸ್ಪರ್ಶ, ಉಗಿಕೋಣೆ ಎಲ್ಲವೂ ಆ ಒಂದೇ ಹೆಸರಿನಡಿ ಹಣವುಳ್ಳವರಿಗೆ ದೊರೆಯುತ್ತವೆ. ಆದರೆ ಉಗಿ, ಮರ್ದನ, ಸ್ನಾನ, ಮಣ್ಣಿನ ಲೇಪ ಇವುಗಳಿಗೆ ಅಮೃತಶಿಲೆಯ ಕೋಣೆಯ ಅವಶ್ಯಕತೆಯೇನೂ ಇಲ್ಲ. ಉರುಳಿ ಕಾಂಚನದ ಪಾಠವೇ ಅದು.

ಈ ಆಶ್ರಮಕ್ಕೆ ಪೂರ್ವಪೀಠಿಕೆಯೊಂದಿದೆ. ಪುಣೆಯಲ್ಲಿ ಡಾ. ದಿನ್‌ಶಾ ಮೆಹತಾ ಅವರ ನಿಸರ್ಗ ಚಿಕಿತ್ಸಾಲಯವಿದ್ದಿತು. ಗಾಂಧೀಜಿಯವರು ಅಲ್ಲಿ ತಂಗಿ ಚಿಕಿತ್ಸೆ ಪಡೆದಿದ್ದರು. ೧೯೪೫ನೆಯ ನವೆಂಬರ್ ೧೮ರಂದು ಅವರ ಹಿರಿತನದಲ್ಲಿ ಅಖಿಲ ಭಾರತ ನಿಸರ್ಗ ಚಿಕಿತ್ಸಾ ಪ್ರತಿಷ್ಠಾನ ಸ್ಥಾಪನೆಗೊಂಡಿತು. ನವೆಂಬರ್ ೧೮ನ್ನು ನಿಸರ್ಗ ಚಿಕಿತ್ಸಾ ದಿನವೆಂದು ಈಗ ಆಚರಿಸುವುದು ಇದರ ನೆನಪಿಗಾಗಿ. ಬಡವರಿಗೂ ಈ ಚಿಕಿತ್ಸೆ ದೊರೆಯಬೇಕೆಂಬುದು ಗಾಂಧೀಜಿಯವರ ಆಶಯ. ಆದರೆ ಹಳ್ಳಿಯ ಬಡವನು ನಗರದ ಚಿಕಿತ್ಸಾಲಯದ ಮೆಟ್ಟಿಲು ಹತ್ತಲಾರನೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಬಡವನನ್ನು ನಗರಕ್ಕೆ ಕರೆಯುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯಲು ನಿಶ್ಚಯಿಸಿ, ೧೯೪೬ರ ಮಾರ್ಚ್ ೨೨ರಂದು ಉರುಳಿ ಕಾಂಚನಕ್ಕೆ ಬಂದರು. ಅದೇ ತಿಂಗಳ ೩೦ರವರೆಗೆ ಇಲ್ಲಿಯೇ ಇದ್ದು, ಬಂದ ಗ್ರಾಮಸ್ಥರನ್ನು ತಾವೇ ಪರೀಕ್ಷಿಸಿದರು. ಸೂರ್ಯಸ್ನಾನ, ಕಟಿಸ್ನಾನ, ಹಾಲು, ಮಜ್ಜಿಗೆ, ಹಣ್ಣಿನ ರಸ, ಇವೆಲ್ಲಕ್ಕೂ ಮಿಗಿಲಾಗಿ ರಾಮನಾಮ, ಇವೇ ಅವರು ಹೇಳಿದ ಔಷಧಗಳು. ಊರಿನ ಮಹಾದೇವ ತಾತ್ಯಾಬಾ ಕಾಂಚನ ಅವರು ಆಶ್ರಮಕ್ಕೆ ಭೂಮಿಯನ್ನು ದಾನವಿತ್ತರು.

ಗಾಂಧೀಜಿಯವರು ಒಂಬತ್ತು ದಿನಗಳಲ್ಲಿ ಹೊರಟುಹೋದರು. ಮಣಿಭಾಯಿ ದೇಸಾಯಿ ಎಂಬ ಗುಜರಾತಿ ತರುಣ ಉಳಿದುಕೊಂಡನು. ೧೯೨೦ರಲ್ಲಿ ಹುಟ್ಟಿದ ಇವರಿಗೆ ಆಗ ಇಪ್ಪತ್ತೈದರ ಹರೆಯ. ಬಾಪುವಿಗೆ ಕೊಟ್ಟ ಮಾತಿನಂತೆ ತಮ್ಮ ಆಯುಷ್ಯವನ್ನೆಲ್ಲ ಈ ಗ್ರಾಮಕ್ಕೆ ಧಾರೆಯೆರೆದರು. ಉಪವಾಸದಲ್ಲಿರುವ ಬಡವನಿಗೆ ಉಪವಾಸ ಚಿಕಿತ್ಸೆ ಹೇಳುವುದಾದರೂ ಹೇಗೆ? ಆಹಾರವಿಲ್ಲದೆ ಆರೋಗ್ಯವಿಲ್ಲ, ದುಡಿಮೆಯಿಲ್ಲದೆ ಆಹಾರವಿಲ್ಲ. ಇದನ್ನು ಅರಿತ ಅವರು ಗೋಪಾಲನೆಗೂ ಕೃಷಿಗೂ ಕೈಹಾಕಿದರು. ೧೯೬೭ರಲ್ಲಿ ಅವರು ಆರಂಭಿಸಿದ 'ಬೈಫ್' ಸಂಸ್ಥೆಯು ಹಸುಗಳ ತಳಿ ಸುಧಾರಣೆಯಲ್ಲಿ ದೇಶಕ್ಕೆ ಮಾದರಿಯಾಯಿತು. ನಮ್ಮ ಕರ್ನಾಟಕದ ಗ್ರಾಮಗಳಿಗೂ ಅದರ ಕಾರ್ಯ ಹಬ್ಬಿತು. ೧೯೮೨ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಅರಸಿ ಬಂದಿತು. ೧೯೯೩ರಲ್ಲಿ ಅವರು ಕಾಲವಾದರು.

ಇನ್ನು ಚಿಕಿತ್ಸೆಗಳ ವಿಷಯ. ಪ್ರಾತಃಕಾಲ ಪ್ರಾರ್ಥನೆ, ಯೋಗಾಸನ. ತದನಂತರ ಹೊಟ್ಟೆ ಬರಿದಾಗಿರುವಾಗಲೇ ಉಪಚಾರಗಳು.

ಮೊದಲನೆಯದು ಮಣ್ಣಿನ ಪಟ್ಟಿ. ಗೊಬ್ಬರ ಬೀಳದ, ಸ್ವಚ್ಛವಾದ ನೆಲದ ಆಳದಿಂದ ತೆಗೆದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹರವಿ ಹೊಟ್ಟೆಯ ಮೇಲೆಯೂ ಕಣ್ಣಿನ ಮೇಲೆಯೂ ಇಡುತ್ತಾರೆ. ಮಣ್ಣು ತೇವವನ್ನು ಬಹುಹೊತ್ತು ಹಿಡಿದಿಟ್ಟುಕೊಂಡು ನಿಧಾನವಾಗಿ ತಂಪನ್ನೀಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರನ್ನು ಕುಡಿದವರಿಗೆ ಇದರ ಮರ್ಮವನ್ನು ವಿವರಿಸಬೇಕಿಲ್ಲ.

ಎರಡನೆಯದು ಕಟಿಸ್ನಾನ. ಜರ್ಮನಿಯ ಲೈಪ್‌ಜಿಗ್ ನಗರದ ಲೂಯಿ ಕೂನೆ ಎಂಬವರು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಇದನ್ನು ಪ್ರಚುರಪಡಿಸಿದರು. ಕುರ್ಚಿಯಾಕಾರದ ತೊಟ್ಟಿಯಲ್ಲಿ ಹೊಕ್ಕುಳ ಮಟ್ಟದವರೆಗೆ ತಣ್ಣೀರು ತುಂಬಿ, ಕಾಲುಗಳನ್ನು ಹೊರಗಿರಿಸಿ ಕುಳಿತು, ಒರಟು ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆಲ್ಲನೆ ಉಜ್ಜಿಕೊಳ್ಳುವುದು. ಹತ್ತು ಹದಿನೈದು ನಿಮಿಷ ಸಾಕು. ಬಳಿಕ ನಡೆದಾಡಿ ಮೈ ಬೆಚ್ಚಗಾಗಿಸಿಕೊಳ್ಳಬೇಕು. ೧೯೦೨ರ ಸುಮಾರಿಗೆ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲ ವಿಷಮಶೀತ ಜ್ವರದಿಂದ ಮಲಗಿದಾಗ ಗಾಂಧೀಜಿಯವರು ಈ ಕಟಿಸ್ನಾನವನ್ನೂ, ಒದ್ದೆ ಬಟ್ಟೆಯ ಸುತ್ತನ್ನೂ, ಕಿತ್ತಳೆ ರಸವನ್ನೂ ನೆಚ್ಚಿ ರಾತ್ರಿಗಳನ್ನು ಕಳೆದ ಸಂಗತಿ ಅವರ ಆತ್ಮಕಥೆಯಲ್ಲಿದೆ.

ಮೂರನೆಯದು ಎಣ್ಣೆಯ ಮರ್ದನ, ತರುವಾಯ ಉಗಿಸ್ನಾನ. ನಮ್ಮ ತಾಯಂದಿರು ಮಾಡಿಸುತ್ತಿದ್ದ ಅಭ್ಯಂಜನಕ್ಕಿಂತ ಇದು ಬಹಳ ಬೇರೆಯಲ್ಲ. ಉಗಿಯಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಬೆವರು ಹರಿಯುತ್ತದೆ; ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಮ್ಮ ಮಂಡಿಗಳ ಬಿಗಿತ ಮೂರನೆಯ ದಿನಕ್ಕೆ ಕೊಂಚ ಸಡಿಲಿದುದನ್ನು ಸಂತೋಷದಿಂದ ಹೇಳುತ್ತೇವೆ. ಆದರೆ ಉಗಿಪೆಟ್ಟಿಗೆಯಿಂದ ಹೊರಬಂದಾಗ ತಕ್ಕಡಿ ತೋರುವ ತೂಕದ ಇಳಿಕೆ ನೀರಿನದು ಮಾತ್ರ. ಎರಡು ಲೋಟ ನೀರು ಕುಡಿದರೆ ಅದು ಮರಳುತ್ತದೆ. ವಿಷವೆಲ್ಲ ಬೆವರಿನಲ್ಲಿ ಹರಿದುಹೋಗುವುದೆಂಬ ಮಾತೂ ಸರಿಯಲ್ಲ. ಆ ಕೆಲಸ ಮುಖ್ಯವಾಗಿ ಯಕೃತ್ತಿನದು, ಮೂತ್ರಪಿಂಡಗಳದು.

ಇಲ್ಲಿ ಒಂದು ಗಂಭೀರವಾದ ವಿಷಯವನ್ನು ಗೃಹಸ್ಥರ ಗಮನಕ್ಕೆ ತರಲೇಬೇಕಾಗಿದೆ. ನಮ್ಮ ಪರಿಚಯದ ಹಿರಿಯರೊಬ್ಬರು, ಬೇರೊಂದೆಡೆಯ ವಿಲಾಸೀ ಕೇಂದ್ರದಲ್ಲಿ, ಅಲ್ಲಿಯವರ ಮಾತು ನಂಬಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ನಿಲ್ಲಿಸಿ ಉಪವಾಸಕ್ಕೆ ತೊಡಗಿದರು. ನಾಲ್ಕನೆಯ ದಿನ ಪ್ರಜ್ಞೆತಪ್ಪಿ ಆಸ್ಪತ್ರೆ ಸೇರಿದರು, ಬದುಕಿದ್ದು ಪುಣ್ಯವಿಶೇಷ. ಹೃದ್ರೋಗಿಗಳು, ರಕ್ತದ ಒತ್ತಡ ಹತೋಟಿಯಲ್ಲಿಲ್ಲದವರು, ಗರ್ಭಿಣಿಯರು ಉಗಿಸ್ನಾನದಿಂದ ದೂರವಿರಬೇಕು. ನಿತ್ಯದ ಔಷಧವನ್ನು ತಮ್ಮ ವೈದ್ಯರ ಅನುಮತಿಯಿಲ್ಲದೆ ಯಾರೂ ಬಿಡಕೂಡದು.

ಈ ವಿಚಾರದಲ್ಲಿ ಗಾಂಧೀಜಿಯವರ ಬಾಳಿನಿಂದಲೇ ನಾವು ಎರಡು ಪಾಠಗಳನ್ನು ಕಲಿಯಬಹುದು. ಎರಡೂ ಪುಣೆಯಲ್ಲಿಯೇ ಘಟಿಸಿದವು. ೧೯೨೪ರ ಜನವರಿಯಲ್ಲಿ, ಯರವಡಾ ಸೆರೆಮನೆಯಲ್ಲಿದ್ದಾಗ ಅವರಿಗೆ ಕರುಳುಬಾಲದ ಉರಿಯೂತವಾಯಿತು. ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ವೈದ್ಯರು ಶಸ್ತ್ರಕ್ರಿಯೆ ನಡೆಸಿದರು. ಗಾಂಧೀಜಿಯವರು ಅದಕ್ಕೆ ಸಮ್ಮತಿಸಿದ್ದರು, ಆದುದರಿಂದ ಬದುಕಿದರು. ೧೯೪೪ರ ಫೆಬ್ರುವರಿಯಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿ ಕಸ್ತೂರಬಾ ಅವರು ಮರಣಶಯ್ಯೆಯಲ್ಲಿದ್ದಾಗ ಮಗ ದೇವದಾಸರು ದುರ್ಲಭವಾದ ಪೆನಿಸಿಲಿನ್ ಔಷಧವನ್ನು ತರಿಸಿದರು. ಪದೇಪದೇ ಸೂಜಿ ಚುಚ್ಚುವುದು ಬೇಡವೆಂದು ಗಾಂಧೀಜಿಯವರು ತಡೆದರು. ೨೨ರಂದು ಬಾ ಕಣ್ಮುಚ್ಚಿದರು. ಔಷಧ ಕೊಟ್ಟಿದ್ದರೂ ಅವರು ಉಳಿಯುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಆದರೆ ಆ ತಂದೆ ಮಗನ ನಡುವಿನ ಸಂಕಟ ಎಷ್ಟೋ ಮನೆಗಳಲ್ಲಿ ಇಂದಿಗೂ ಮರುಕಳಿಸುತ್ತಿದೆ. ನಿಸರ್ಗೋಪಚಾರವು ವೈದ್ಯನಿಗೆ ಸಹಾಯಕವೇ ಹೊರತು ಎದುರಾಳಿಯಲ್ಲ ಎಂಬುದನ್ನು ಆ ಮನೆಗಳವರು ಅರಿಯಬೇಕು.

ಹಾಗಾದರೆ ಈ ಆಶ್ರಮದಿಂದ ದೊರೆಯುವ ಲಾಭವೇನು? ಮಿತವಾದ ಸಾತ್ತ್ವಿಕ ಆಹಾರ, ಕಾಲಕ್ಕೆ ನಿದ್ರೆ, ಬಿಸಿಲಿನಲ್ಲಿ ನಡಿಗೆ, ತಂಬಾಕು ಚಹಗಳಿಂದ ದೂರ ಸರಿದ ನಾಲಗೆ, ನೋವನ್ನು ಕೇಳುವ ಕಿವಿ. ಇವು ದೇಹವನ್ನು ಅದರ ಸಹಜ ಲಯಕ್ಕೆ ತರುತ್ತವೆ. ವರ್ಷಕ್ಕೆ ಹತ್ತು ದಿನ ಹಣ ತೆತ್ತು ಪಡೆದ ಆ ಲಯವನ್ನು ಉಳಿದ ದಿನಗಳಲ್ಲಿ ಕಳೆದುಕೊಂಡರೆ ಪ್ರಯೋಜನವಿಲ್ಲ. ಉರುಳಿ ಕಾಂಚನಕ್ಕೆ ಹೋಗಬಲ್ಲವರು ಹೋಗಿ ಬರಲಿ. ಹೋಗಲಾಗದವರಿಗೂ ಮನೆಯಂಗಳದಲ್ಲಿ ಬಿಸಿಲಿದೆ, ಬಾವಿಯಲ್ಲಿ ನೀರಿದೆ, ಕಾಲಡಿಯಲ್ಲಿ ಮಣ್ಣಿದೆ. ಅವನ್ನು ವಿವೇಕದಿಂದ ಬಳಸುವುದನ್ನು ಮಕ್ಕಳಿಗೆ ಕಲಿಸಿದರೆ ಅದಕ್ಕಿಂತ ದೊಡ್ಡ ಆಸ್ತಿ ಬೇರೊಂದಿಲ್ಲ.