ಬಾಡಿಗೆಯ ಪಿಸ್ತೂಲು, ಎಡಗೈಯ ಹಿಡಿಕೆ

ನಮ್ಮ ಸೀಮೆಯಲ್ಲಿ ಬಂದೂಕು ಬಾಡಿಗೆಗೆ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೋಗಿ ನೋಡಿ. ಮಂಡಕ್ಕಿ ಮಿರ್ಚಿ ಅಂಗಡಿಗಳ ಸಾಲು ಮುಗಿಯುವಲ್ಲಿ, ಹಲಗೆಯ ತುಂಬ ಬಲೂನು ಕಟ್ಟಿಕೊಂಡು ಒಬ್ಬಾತ ನಿಂತಿರುತ್ತಾನೆ. ದುಡ್ಡು ಕೊಟ್ಟರೆ ಏರ್‌ಗನ್ನು ನಮ್ಮ ಕೈಗೆ ಬರುತ್ತದೆ. ತೆಲಿಗಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆಲ್ಲ ಬಂದೂಕಿನ ಮೊದಲ ಪಾಠ ಅದೇ. ಅದರ ಗುರಿಮೊನೆ ಬಹುಪಾಲು ಸೊಟ್ಟಗೇ ಇರುತ್ತದೆ. ಕೆಂಪು ಬಲೂನಿಗೆ ಗುರಿಯಿಟ್ಟರೆ ಪಕ್ಕದ ಹಳದಿ ಒಡೆಯುತ್ತದೆ. ಅಂಗಡಿಯವನಿಗೆ ಅದು ಗೊತ್ತು, ನಮಗೂ ಗೊತ್ತು, ಆದರೂ ಮತ್ತೆ ದುಡ್ಡು ಕೊಡುತ್ತೇವೆ.

ಎರಡನೆಯ ಬಂದೂಕು ಹೊಲದ್ದು. ಶೇಂಗಾ, ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತವೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ಕರಡಿಯ ಕಾಟವೂ ಉಂಟು. ಹಿಂದಿನವರು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಕೆಲವು ಮನೆಗಳಲ್ಲಿ ಇನ್ನೂ ಇವೆ. ಚುನಾವಣೆ ಘೋಷಣೆಯಾದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಶೀದಿ ಪಡೆದು ಬರಬೇಕು. ಮೂರನೆಯದು ಪೊಲೀಸರ ಸೊಂಟದ ಮೇಲಿನದು. ಅದನ್ನು ನಾವು ದೂರದಿಂದ ನೋಡಿದವರೇ ಹೊರತು ಹತ್ತಿರ ಹೋಗಿ ವಿಚಾರಿಸಿದವರಲ್ಲ.

ನಾವಿಬ್ಬರೂ, ಗಂಡ ಹೆಂಡತಿ, ಶಾಲಾ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಬಂದೂಕಿಗೂ ನಮಗೂ ನಂಟು ಬೆಸೆದದ್ದು ನಮ್ಮ ಅಣ್ಣನ ಮಗಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಳು. ಶಿಬಿರದಲ್ಲಿ .22 ರೈಫಲ್ ಹಿಡಿಸಿದಾಗ ಅವಳ ಗುಂಡುಗಳು ಒಂದರ ಪಕ್ಕ ಒಂದು ಬಿದ್ದವಂತೆ. ಆಮೇಲೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಬಂತು. ಹರಿಯಾಣದ ಝಜ್ಜರ್ ಜಿಲ್ಲೆಯ ಹಳ್ಳಿಯ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಬಂತು. ಅದರ ಹಿಂದಿನ ವರ್ಷವೇ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ದಿವ್ಯಾ ಟಿ.ಎಸ್. ಇದೇ ಪಿಸ್ತೂಲು ಹಿಡಿದು ಎರಡು ಬೆಳ್ಳಿ ತಂದಿದ್ದರು. ಹುಡುಗಿ ಇದನ್ನೆಲ್ಲ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದಳು. ಒಂದು ದಿನ ಬಂದು, "ಚಾಚಾ, ಚಾಚಿ, ನೀವಿಬ್ಬರೂ ಬಂದರ ಅಪ್ಪ ಬ್ಯಾಡ ಅನ್ನಂಗಿಲ್ಲ" ಎಂದಳು.

ಅಪ್ಪ ಬ್ಯಾಡ ಎಂದೇ ಅಂದ. ಅಣ್ಣ ಹರಪನಹಳ್ಳಿಯಲ್ಲಿ ಮರಗೆಲಸದ ಅಂಗಡಿ ಇಟ್ಟುಕೊಂಡಿದ್ದಾನೆ, ಮಾತು ಕಡಿಮೆ. ಅಂದು ಮಾತ್ರ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಹೇಳಿದ: "ನಮ್ಮ ಮನೀ ಹುಡುಗಿ ಪಿಸ್ತೂಲು ಹಿಡಕೊಂಡು ನಿಂತ ಫೋಟೊ ನಾಳೆ ಯಾರ ಮೊಬೈಲ್‌ನ್ಯಾಗ ಏನಂತ ತಿರಗತೈತಿ, ನೀವ ಹೇಳ್ರಿ. ಅವರ ಹೆಸರು ಬ್ಯಾರೆ, ನಮ್ಮ ಹೆಸರು ಬ್ಯಾರೆ."

ಈ ಮಾತಿಗೆ ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಓದುಗರಲ್ಲಿ ಕೆಲವರಿಗೆ ಇದು ಅತಿಯಾದ ಅಳುಕು ಎನಿಸಬಹುದು. ಇನ್ನು ಕೆಲವರಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಅಣ್ಣನ ಭಯ ಹುಸಿಯೆಂದು ನಾವು ಹೇಳಲಾರೆವು. ಆದರೆ ಆ ಭಯಕ್ಕೆ ಹುಡುಗಿಯೊಬ್ಬಳೇ ದಂಡ ತೆರಬೇಕು ಎಂಬುದನ್ನೂ ಒಪ್ಪಲಾರೆವು. ಪಿಸ್ತೂಲು ಕೊಳ್ಳುವುದು ಬೇಡ, ಮೊದಲು ಬಾಡಿಗೆಗೆ ಹಿಡಿದು ನೋಡೋಣ, ಫೋಟೊ ಒಂದೂ ತೆಗೆಯುವುದಿಲ್ಲ ಎಂಬ ಕರಾರಿನ ಮೇಲೆ ಬಸ್ಸು ಹತ್ತಿದೆವು.

ಊರಿನ ಹೆಸರೂ ಕ್ಲಬ್ಬಿನ ಹೆಸರೂ ಇಲ್ಲಿ ಬೇಡ. ಬೆಳಗಿನ ಜಾವ ಹೊರಟರೆ ಹತ್ತು ಗಂಟೆಗೆ ತಲುಪುವ ದೂರ. ಒಳಗೆ ಉದ್ದನೆಯ ತಗಡಿನ ಮನೆ, ಹತ್ತು ಮೀಟರು ಆಚೆ ದೀಪದ ಬೆಳಕಿನಲ್ಲಿ ಕಾಗದದ ಗುರಿಗಳು. ಆಧಾರ್ ನಕಲು, ಅರ್ಜಿ, ಸಹಿ ಎಲ್ಲ ಮುಗಿದ ಮೇಲೆ ಕೋಚ್ ಬಂದರು. ಸೈನ್ಯದಿಂದ ನಿವೃತ್ತರಾದವರು. ಹೆಸರು ಓದಿ ತಲೆಯೆತ್ತಿ ನೋಡುತ್ತಾರೇನೋ ಎಂದು ನಾವು ಕಾದೆವು. ಅವರು ನೋಡಿದ್ದು ಹುಡುಗಿಯ ಕೈಯನ್ನು. "ಎಡಚಳಾ? ಹಾಗಾದರೆ ಸ್ವಲ್ಪ ಕಷ್ಟ" ಎಂದರು.

ಕಷ್ಟ ಏನೆಂದು ಪಿಸ್ತೂಲುಗಳು ಮೇಜಿನ ಮೇಲೆ ಬಂದ ಮೇಲೆ ತಿಳಿಯಿತು. ಸ್ಪರ್ಧೆಯ ಏರ್ ಪಿಸ್ತೂಲಿನ ಹಿಡಿಕೆ ಸಿನಿಮಾದ ಪಿಸ್ತೂಲಿನಂತೆ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಅಕ್ರೋಟು ಮರದಲ್ಲಿ ಅಂಗೈ ಕೂರಲು ತಗ್ಗು, ಹೆಬ್ಬೆರಳಿಗೆ ಕಟ್ಟೆ, ಬೆರಳುಗಳಿಗೆ ಗಾಡಿ ತೆಗೆದಿರುತ್ತಾರೆ. ಬಲಗೈಯದನ್ನು ಎಡಗೈಯಲ್ಲಿ ಹಿಡಿಯುವುದೆಂದರೆ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿದ ಹಾಗೆ. ನಮ್ಮ ಮನೆಯಲ್ಲಿ ಅವಳಿಗೆ ಊಟ ಮಾತ್ರ ಬಲಗೈಯಲ್ಲಿ ಎಂದು ದಾದಿ ಚಿಕ್ಕಂದಿನಿಂದ ರೂಢಿ ಮಾಡಿಸಿದ್ದರು. ಬರವಣಿಗೆ, ಹೊಲಿಗೆ, ಕಲ್ಲು ಎಸೆಯುವುದು ಎಲ್ಲವೂ ಎಡಗೈಯದೇ.

ಮೊದಲು ಕೊಟ್ಟದ್ದು ಸ್ಪ್ರಿಂಗಿನ ಹಳೆಯ ಪಿಸ್ತೂಲು. ನಳಿಗೆ ಮುರಿದಂತೆ ಮಡಚಿ ಗುಂಡು ಹಾಕಬೇಕು, ಜಾತ್ರೆಯ ಏರ್‌ಗನ್ನಿನ ತಮ್ಮ. ಒಳಗಿನ ಸ್ಪ್ರಿಂಗು ಬಿಟ್ಟಾಗ ಇಡೀ ಪಿಸ್ತೂಲು ಜಿಗಿಯುತ್ತದೆ, ಗುಂಡು ನಳಿಗೆ ದಾಟುವ ಮೊದಲೇ ಗುರಿ ತಪ್ಪುತ್ತದೆ. ಎರಡನೆಯದು ಒತ್ತಿದ ಗಾಳಿಯದು. ನಳಿಗೆಯ ಕೆಳಗೆ ಸಣ್ಣ ಸಿಲಿಂಡರು, ಅದರಲ್ಲಿ 200 ಬಾರ್ ಒತ್ತಡದ ಗಾಳಿ. ಅಂದರೆ ಕಾರಿನ ಗಾಲಿಯ ನೂರರಷ್ಟು. ಪ್ರತಿ ಸಲವೂ ಅಷ್ಟೇ ಅಳತೆಯ ಗಾಳಿ ಹೊರಬಂದು ಅರ್ಧ ಗ್ರಾಮಿನ ಸೀಸದ ಗುಂಡನ್ನು ತಳ್ಳುತ್ತದೆ. ಕೈಗೆ ಹೊಡೆತವೇ ಗೊತ್ತಾಗುವುದಿಲ್ಲ. ಗುಂಡಿನ ಮೂತಿ ಚಪ್ಪಟೆ. ಕಾಗದವನ್ನು ಹರಿಯದೆ, ಕಂಡಕ್ಟರು ಟಿಕೀಟು ತೂತು ಮಾಡಿದ ಹಾಗೆ ದುಂಡಗೆ ಕತ್ತರಿಸಲಿ ಎಂದು.

ಹತ್ತು ಅಂಕದ ವೃತ್ತದ ಅಡ್ಡಗಲ 11.5 ಮಿಲಿಮೀಟರು. ಅಂಗಿಯ ಗುಂಡಿಯಷ್ಟು. ಅದನ್ನು ಹತ್ತು ಮೀಟರಿನಿಂದ, ನಿಂತು, ಒಂದೇ ಕೈ ಚಾಚಿ ಹೊಡೆಯಬೇಕು. ಇನ್ನೊಂದು ಕೈ ಜೇಬಿನಲ್ಲಿ. ಸ್ಪರ್ಧೆಯಲ್ಲಾದರೆ 60 ಗುಂಡು, 75 ನಿಮಿಷ. ಒಂದು ಕಿಲೋ ತೂಗುವ ವಸ್ತುವನ್ನು ಅರವತ್ತು ಸಲ ಭುಜದ ಎತ್ತರಕ್ಕೆ ಎತ್ತಿ ಹಿಡಿದು ನೋಡಿ, ಆಮೇಲೆ ಇದು ಕೂತು ಆಡುವ ಆಟವೋ ಅಲ್ಲವೋ ಹೇಳಿ.

ನಮಗೂ ಹಿಡಿಸಿದರು. ಕಣ್ಣು ಗುರಿಯ ಮೇಲಲ್ಲ, ಪಿಸ್ತೂಲಿನ ಮುಂಗುರಿಯ ಮೇಲೆ ನೆಟ್ಟಿರಬೇಕಂತೆ. ಕಪ್ಪು ವೃತ್ತ ಮಸುಕಾದರೂ ಚಿಂತೆಯಿಲ್ಲ. ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು. ಟ್ರಿಗರನ್ನು ಎಳೆಯಬಾರದು, ಹಣ್ಣು ಮಾಗಿದೆಯೋ ಎಂದು ಒತ್ತಿ ನೋಡುವಷ್ಟು ಮೆಲ್ಲಗೆ ಒತ್ತಬೇಕು. ಏರ್ ಪಿಸ್ತೂಲಿಗೆ ಅರ್ಧ ಕಿಲೋ ಭಾರ ಸಾಕು. ಕೈ ನಡುಗಿತೋ, ಹೊಡೆಯದೆ ಇಳಿಸಿಬಿಡಬೇಕು. "ಹೊಡೆಯದೆ ಇಳಿಸಲು ಕಲಿಯುವುದಕ್ಕೆ ನನ್ನ ಹುಡುಗರಿಗೆ ಒಂದು ವರ್ಷ ಬೇಕು" ಎಂದರು ಕೋಚ್. ನಮ್ಮಲ್ಲಿ ಚಾಚಿಯ ಕೈ ಹೆಚ್ಚು ಸ್ಥಿರವೆಂದು ಅಲ್ಲಿ ಸಾಬೀತಾಯಿತು. ಉತ್ತರಪ್ರದೇಶದ ಬಾಗ್ಪತ್ ಜಿಲ್ಲೆಯ ಜೋಹ್ರಿಯಲ್ಲಿ ಚಂದ್ರೋ ತೋಮರ್ ಎಂಬ ಅಜ್ಜಿ, ಮೊಮ್ಮಗಳಿಗೆ ಜೊತೆಯಾಗಿ ರೇಂಜಿಗೆ ಹೋಗಿ, ಅರವತ್ತು ದಾಟಿದ ಮೇಲೆ ತಾವೇ ಪಿಸ್ತೂಲು ಹಿಡಿದು ಪದಕಗಳನ್ನು ಗೆದ್ದಿದ್ದರು. 2021ರಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಅವರ ಕಥೆಯನ್ನು ಚಾಚಿ ಬಸ್ಸಿನಲ್ಲಿ ಹಿಂದಿರುಗುವಾಗ ಎರಡು ಸಲ ಹೇಳಿದರು.

ಮೂರನೆಯದಾಗಿ .22 ಪಿಸ್ತೂಲು. ಇದು ಗಾಳಿಯದಲ್ಲ, ಮದ್ದಿನದು. ಕ್ಲಬ್ಬಿನ ಲೈಸೆನ್ಸಿನದು, ಕೋಚ್ ಪಕ್ಕದಲ್ಲೇ ನಿಂತಿರಬೇಕು. 4.5 ಮಿಲಿಮೀಟರು ಮೀರದ, 20 ಜೂಲಿಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮಿಕ್ಕದ್ದೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯ ಹಿಡಿತದಲ್ಲಿದೆ. ಒಬ್ಬರ ಬಳಿ ಮೂರು ಬಂದೂಕು ಇರಬಹುದಿತ್ತು, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಕಾಯ್ದೆ ಎಂದಾಗ ನಮಗೆ ಹಲಗಲಿ ನೆನಪಾಯಿತು. 1857ರಲ್ಲಿ ಹತಾರ ಒಪ್ಪಿಸಿರೆಂದು ಕಂಪನಿ ಸರ್ಕಾರ ಹೇಳಿದ್ದಕ್ಕೆ ಬೇಡರು ತಿರುಗಿಬಿದ್ದು ಗಲ್ಲಿಗೇರಿದರು. ಮಕ್ಕಳಿಗೆ ಆ ಪಾಠ ಹೇಳಿದ ನಾವು ಮದ್ದಿನ ಪಿಸ್ತೂಲು ಹಿಡಿದದ್ದು ನಿವೃತ್ತಿಯ ನಂತರ. ಕಿವಿಗೆ ಮುಚ್ಚಳ ಹಾಕಿದ್ದರೂ ಸದ್ದು ಎದೆಗೆ ತಾಗಿತು. ತಲಾ ಐದು ಗುಂಡಿಗೆ ಸಾಕೆಂದು ಇಳಿಸಿದೆವು. ಹುಡುಗಿಯೂ, "ಗಾಳೀದೇ ಚಲೋ ಐತಿ" ಎಂದಳು.

ನಾವು ಹೊರಡುವ ಹೊತ್ತಿಗೆ ಲೈಸೆನ್ಸುದಾರರೊಬ್ಬರು ತಮ್ಮ ಸ್ವಂತದ .32 ರಿವಾಲ್ವರು ತಂದು ಅಭ್ಯಾಸ ಮಾಡುತ್ತಿದ್ದರು. ಅದನ್ನು ನಮ್ಮ ಕೈಗೆ ಕೊಡುವಂತಿಲ್ಲ. ಹಿಂದೆ ನಿಂತು ನೋಡಿದೆವು. ಅವರ ಗುರಿಯಲ್ಲಿ ವೃತ್ತಗಳಿರಲಿಲ್ಲ, ಮನುಷ್ಯನ ಎದೆ ತಲೆಯ ಕಪ್ಪು ಆಕಾರವಿತ್ತು. ಹುಡುಗಿ ಬೇರೆ ಕಡೆ ತಿರುಗಿಕೊಂಡಳು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ರಕ್ಷಣೆಗೆಂದು 'ನಿರ್ಭೀಕ್' ಹೆಸರಿನ ಹಗುರ ರಿವಾಲ್ವರು ಹೊರತಂದಿತ್ತು. ತೂಕ ಅರ್ಧ ಕಿಲೋ, ಬೆಲೆ 1 ಲಕ್ಷ 22 ಸಾವಿರಕ್ಕೂ ಮೇಲೆ. ದೆಹಲಿಯ ಬಸ್ಸಿನಲ್ಲಿ ಬಲಿಯಾದ ಹುಡುಗಿಯ ನೆನಪಿನ ಹೆಸರು. ರಾತ್ರಿ ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಯ ಬಳಿ ಅಷ್ಟು ದುಡ್ಡಿರುತ್ತದೆ, ಯಾವ ಕಚೇರಿ ಅವಳಿಗೆ ಲೈಸೆನ್ಸ್ ಕೊಡುತ್ತದೆ ಎಂದು ಆಗಲೂ ಕೇಳಿಕೊಂಡಿದ್ದೆವು. ಕೋಣೆಯ ಈ ಬದಿಯ ಪಿಸ್ತೂಲಿಗೂ ಆ ಬದಿಯದಕ್ಕೂ ಹೆಸರೊಂದೇ. ಅಣ್ಣನಿಗೆ ಎರಡೂ ಒಂದೇ ಆಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಏನೂ ತಿನ್ನಬೇಡಿ ಎಂದು ಕೋಚ್ ನಲ್ಲಿಯವರೆಗೆ ಬಂದು ನಿಂತರು. ಗಂಟೆಗೆ 300 ರೂಪಾಯಿ, ಗುಂಡಿನ ದುಡ್ಡು ಬೇರೆ. ಹೊರದೇಶದ ಒಳ್ಳೆಯ ಏರ್ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಬಾಡಿಗೆಗೇ ಮುಂದುವರಿಯೋಣವೆಂದರೆ ಕ್ಲಬ್ಬಿನಲ್ಲಿದ್ದ ಒಂದೇ ಒಂದು ಎಡಗೈ ಹಿಡಿಕೆ ದೊಡ್ಡ ಗಂಡಸಿನ ಅಂಗೈಯದು. ಅದರಲ್ಲಿ ಅವಳ ಬೆರಳು ಟ್ರಿಗರಿಗೆ ತುದಿ ಮಾತ್ರ ತಾಗುತ್ತಿತ್ತು. ಆದರೂ ಕೊನೆಯ ಹತ್ತು ಗುಂಡಿನಲ್ಲಿ ಏಳು ಕಪ್ಪಿನೊಳಗೆ ಬಿದ್ದಿದ್ದವು. ಆ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಅಣ್ಣ ಏನನ್ನೂ ಕೇಳಲಿಲ್ಲ. ಎರಡು ದಿನದ ಮೇಲೆ ಕಾಗದ ಅವನ ಅಂಗಡಿಯ ಮೇಜಿನ ಮೇಲಿತ್ತು. ತೂತುಗಳ ನಡುವಿನ ಅಂತರವನ್ನು ಅವನು ಪೆನ್ಸಿಲಿನಿಂದ ಗುರುತು ಮಾಡಿದ್ದ. ನಾವು ಹಿಡಿಕೆಯ ತೊಂದರೆ ಹೇಳಿದೆವು. ಯಾವ ಮರ ಎಂದ. ಅಕ್ರೋಟು ಎಂದೆವು. ಎಷ್ಟು ಸ್ಕ್ರೂ ಎಂದ. ಅದು ನಮಗೆ ಗೊತ್ತಿರಲಿಲ್ಲ, ಫೋನು ಮಾಡಿ ಕೇಳಿದೆವು. ಹಿಡಿಕೆ ಬಿಚ್ಚಿ ಬೇರೆ ಹಾಕಬಹುದು, ಆದರೆ ಮಣಿಕಟ್ಟಿಗೆ ಆಸರೆ ಕೊಡುವಂತೆ ಹಿಂದಕ್ಕೆ ಚಾಚಿರಬಾರದು, ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸಬೇಕು ಎಂದು ಕೋಚ್ ನಿಯಮ ಹೇಳಿದರು. ಅಣ್ಣ ಅದನ್ನು ಹಲಗೆಯ ಚೂರಿನ ಮೇಲೆ ಬರೆದುಕೊಂಡ. "ಪಿಸ್ತೂಲಿನ ಮಾತು ನನ್ನ ಮುಂದ ಎತ್ತಬ್ಯಾಡ್ರಿ. ಹಿಡಿಕೀದು ಅಳತಿ ತರ್ರಿ" ಎಂದ. ಫೋಟೊ ವಿಷಯದಲ್ಲಿ ಅವನ ಮಾತು ಬದಲಾಗಿಲ್ಲ, ಹುಡುಗಿಯೂ ಕೇಳಿಲ್ಲ.

ಹೋದ ಭಾನುವಾರ ಅವಳ ಎಡ ಅಂಗೈಯನ್ನು ಹಸಿ ಹಿಟ್ಟಿನ ಮುದ್ದೆಯಲ್ಲಿ ಒತ್ತಿಸಿ ಅಚ್ಚು ತೆಗೆದಿದ್ದೇವೆ. ಅಕ್ರೋಟು ಹರಪನಹಳ್ಳಿಯಲ್ಲಿ ಸಿಗುವುದಿಲ್ಲ. ಸಾಗವಾನಿ ಸಾಕು ಎಂದು ಅಣ್ಣ, ಬೀಟೆಯಾದರೆ ಬೆವರಿಗೆ ಜಾರುವುದಿಲ್ಲ ಎಂದು ಅವನ ಅಂಗಡಿಯ ಹಳೆಯ ಮಿಸ್ತ್ರಿ. ಇನ್ನೂ ತೀರ್ಮಾನವಾಗಿಲ್ಲ.