ಮಗನ ಬೇಸ್ ಗಿಟಾರ್

ಮಗ ಸೆಕೆಂಡ್‌ಹ್ಯಾಂಡ್ ಬೇಸ್ ಗಿಟಾರನ್ನು 12,000 ಕೊಟ್ಟು ತಂದಾಗ ರೇಗಿದ್ದೆ. ನಾಲ್ಕೇ ತಂತಿ, ಗುಂಯ್ ಅನ್ನುವ ದಪ್ಪ ದನಿ, ಅದಕ್ಕಿಷ್ಟು ದುಡ್ಡೇ?

ಮೊನ್ನೆ ತಂಗಿಯ ಕಾಲೇಜು ಫೀಸಿಗೆಂದು ಅವನೇ ಅದನ್ನು ಮಾರಲು ಹೊರಟ. ಕೊಳ್ಳಲು ಬಂದ ಹುಡುಗ ಒಂದು ಕಣ್ಣು ಮುಚ್ಚಿ, ಕತ್ತು ಬಾಗಿದೆಯೇ ಎಂದು ಉದ್ದಕ್ಕೂ ನೋಡಿದ. ವೀಣೆಗಿರುವಂತೆ ಅದಕ್ಕೂ ಮೆಟ್ಟುಗಳಿವೆಯಲ್ಲ, ಒಂದೊಂದರಲ್ಲೂ ತಂತಿ ಒತ್ತಿ ಮೀಟಿದ. ಥೇಟ್ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ!

"ಇಲ್ನೋಡಿ, ಈ ಮೆಟ್ಟಲ್ಲಿ ತಂತಿ ಗರಗರ ಅನ್ನುತ್ತೆ" ಅಂತ ಮಗನೇ ಐಬು ತೋರಿಸಿಬಿಟ್ಟ. ಸಾವಿರ ರೂಪಾಯಿ ಇಳಿಯಿತು. ನನಗೋ ಹೊಟ್ಟೆ ಚುರ್ರೆಂದಿತು.

"ಯಾಕೋ ಹೇಳ್ದೆ?"

"ನಂಗೆ ಮಾರಿದವರೂ ಹೇಳಿದ್ರಮ್ಮ."

ಆ ರಾತ್ರಿ ಊಟಕ್ಕೆ ಕೂತಾಗ ಅವನ ಎಡಗೈ ಬೆರಳುಗಳು ಮೊಣಕಾಲ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಿದ್ದವು. ಇನ್ನೊಂದು ಸೌಟು ಹುಳಿ ಬಡಿಸಿದೆ.